ನಿಲ್ಲಬಾರದ ನೀರು

ಕೊಳದಲ್ಲಿ ನೀರು ನಿಂತಿತ್ತು. ನನ್ನ ಭಯವೂ ಅದೇ ಆಗಿತ್ತು.

ಬೆಳಿಗ್ಗೆ ಗೇಟು ಎತ್ತಿದಾಗ ನದಿಯ ನೀರು ಕಾಲುವೆ ಹಿಡಿದು ಬಂದು ಇಂಗುಕೊಳಕ್ಕೆ ಬಿದ್ದಿತ್ತು. ಕೊಳದ ತಳ ಮರಳು. ಬಿದ್ದ ನೀರು ಆ ಮರಳಿನಲ್ಲಿ ಇಳಿದು ಪಕ್ಕದ ಬಾವಿಗಳನ್ನು ತುಂಬಬೇಕು, ಬಾವಿಗಳಿಂದ ಪಂಪುಮನೆ ಅದನ್ನು ಊರಿನ ನಲ್ಲಿಗಳಿಗೆ ಎತ್ತಬೇಕು. ಇತ್ತ ಬಂದಷ್ಟೂ ನೀರು ಅತ್ತ ಕಣ್ಣಿಗೆ ಕಾಣದಂತೆ ಹೋಗುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಆದರೆ ಮಧ್ಯಾಹ್ನದ ಹೊತ್ತಿಗೂ ಅಳತೆ ಕಂಬದ ಮೇಲೆ ನೀರು ಏರುತ್ತಲೇ ಇತ್ತು. ಗೇಟನ್ನು ಅರ್ಧಕ್ಕೆ ಇಳಿಸಿದೆ. ಆಗಲೂ ಏರಿತು. ನಾನೇ ತಪ್ಪಾಗಿ ಓದುತ್ತಿದ್ದೇನೇನೋ ಎಂದು ಕನ್ನಡಕ ಒರೆಸಿಕೊಂಡೆ. ಏರಿಯ ಆ ಬದಿಗೂ ನಡೆದುಹೋಗಿ ಅಲ್ಲಿಂದಲೂ ಓದಿದೆ. ಅಲ್ಲಿಂದಲೂ ಅಷ್ಟೇ.

ನದಿಯಿಂದ ಬೇಕೆಂದಾಗ ನೀರು ತೆಗೆಯುವಂತಿಲ್ಲ. ಸೇತುವೆಯ ಕಂಬಕ್ಕೆ ಒಂದು ಕೆಂಪು ಪಟ್ಟಿ ಬಳಿದಿದ್ದಾರೆ. ನದಿ ಅದರ ಮೇಲಿದ್ದರೆ ಮಾತ್ರ ನಮಗೆ ಪಾಲು. ಪಟ್ಟಿಯಿಂದ ಕೆಳಗಿಳಿದರೆ ಅದು ಕೆಳಗಿನ ಊರುಗಳ ನೀರು, ಗೇಟು ಮುಚ್ಚಲೇಬೇಕು. ಈ ವರ್ಷ ನದಿ ಪಟ್ಟಿ ದಾಟಿದ್ದು ಇದೇ ಮೊದಲು. ಇನ್ನೊಮ್ಮೆ ದಾಟುತ್ತದೆಂದು ಯಾರೂ ನಂಬಿರಲಿಲ್ಲ.

ಫೋನು ಹೊಡೆದುಕೊಂಡಿತು. ನನ್ನ ಗಂಡ. ಅವರು ಪಂಪುಮನೆಯ ಆಪರೇಟರ್. ಯಂತ್ರಗಳ ಸದ್ದಿನ ನಡುವೆ ಕೂಗಿ ಕೂಗಿ ಅಭ್ಯಾಸವಾಗಿ ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ. ಊರಲ್ಲಿ ಅವರನ್ನು ಗುಡುಗು ಅನ್ನುತ್ತಾರೆ.

"ಏನೇ, ನೀರು ಬಿಟ್ಟಿದ್ದೀಯಾ ಇಲ್ವಾ?"

"ಬೆಳಿಗ್ಗೇನೇ ಬಿಟ್ಟೆ ರೀ. ಕೊಳ ಮುಕ್ಕಾಲು ತುಂಬಿದೆ."

"ಮತ್ತೆ ಬಾವಿಗ್ಯಾಕೆ ಬರ್ತಿಲ್ಲ? ಇಲ್ಲಿ ಇಳೀತಾನೇ ಇದೆ. ಎರಡು ಪಂಪಲ್ಲಿ ಒಂದು ಆಗ್ಲೇ ಗಾಳಿ ಎಳೀತಿದೆ, ನಿಲ್ಲಿಸ್ಬಿಟ್ಟೆ. ಹೀಗೇ ಆದ್ರೆ ನಾಳೆ ಆಸ್ಪತ್ರೆ ಲೈನೂ ಬಂದ್. ಜನ ಬಂದು ನನ್ನ ಕೊರಳಪಟ್ಟಿ ಹಿಡೀತಾರೆ."

"ನಿಮ್ಮ ಧ್ವನಿ ಕೇಳಿದ್ರೆ ಪಂಪುಮನೆ ಬಾಗಿಲಿಂದಲೇ ವಾಪಸ್ ಹೋಗ್ತಾರೆ ಬಿಡಿ."

ಅವರು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ, ಹೆದರಿಕೆಗೆ ಏನೋ ಒಂದು ಹೇಳಿದ್ದೆ.

ಏರಿಯ ಮೇಲೆ ಜನ ಸೇರಿದ್ದರು. ತುಂಬಿದ ಕೊಳ ನೋಡಲು ಮಕ್ಕಳು ಮರಿ ಕರೆದುಕೊಂಡು ಬಂದಿದ್ದರು. ಅವರ ನಡುವೆ ನನ್ನ ಮಾವ, ಮದುವೆಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದರು. ಈ ಹೊಸ ಕೊಳದ ಮಣ್ಣುಕೆಲಸ ಮಾಡಿಸಿದ ಮೇಸ್ತ್ರಿ ಅವರೇ. ಸುತ್ತಮುತ್ತಲ ಕೆರೆಗಳ ಏರಿಗಳಲ್ಲಿ ಅವರ ಕೈ ಸೋಕದ್ದು ಕಡಿಮೆ. ಮೇಸ್ತ್ರಿ ಕಟ್ಟಿದ್ದು ಸೋರುವುದಿಲ್ಲ ಅನ್ನುವುದು ಊರಿನ ಮಾತು.

"ಹೆಂಗಿದೆ ತಾಯಿ?" ಎಂದು ನನ್ನನ್ನು ಕೂಗಿ ಕೇಳಿದರು. "ಕನ್ನಡಿ ಇಟ್ಟಂಗಿದೆ ನೋಡು. ಒಂದು ತೊಟ್ಟು ಆಚೆ ಹೋಗಿಲ್ಲ."

ಪಕ್ಕದಲ್ಲಿದ್ದವರು ಅವರ ಬೆನ್ನು ತಟ್ಟಿದರು. ನಾನು ಮತ್ತೆ ಅಳತೆ ಕಂಬದತ್ತ ತಿರುಗಿದೆ.

ಅಷ್ಟರಲ್ಲಿ ಕೊಳದ ಉಸ್ತುವಾರಿಯ ಇಂಜಿನಿಯರ್ ಮೇಡಂ ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ಟನ್ನೂ ತೆಗೆಯದೆ ಅಳತೆ ಕಂಬದತ್ತ ನೋಡಿ, ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ನಿಂತರು.

"ರಾಡಿ ನೀರು ಬಿಟ್ಬಿಟ್ರಾ?"

ನದಿ ಏರುವಾಗ ಮೊದಲು ಬರುವುದು ರಾಡಿ. ಅದರ ನುಣ್ಣನೆಯ ಹೂಳು ಕೊಳಕ್ಕೆ ಬಂದರೆ ಮರಳಿನ ಸಂದುಸಂದಿನಲ್ಲಿ ಕೂತು ತಳವನ್ನೇ ಮುಚ್ಚಿಬಿಡುತ್ತದೆ. ಅದಕ್ಕೇ ನಾನು ಗಾಜಿನ ಬಾಟಲಿಯಲ್ಲಿ ಮತ್ತೆ ಮತ್ತೆ ನೀರು ಹಿಡಿದು, ಬೆಳಕಿಗೆ ಎತ್ತಿ ನೋಡಿ, ತಿಳಿಯಾಗುವವರೆಗೂ ಗೇಟು ಮುಟ್ಟಿರಲಿಲ್ಲ. "ನೀನು ಬಾಟಲಿ ನೋಡ್ತಾ ಕೂತ್ಕೋ, ನದಿ ಸಮುದ್ರ ಸೇರ್ಲಿ" ಎಂದು ಮಾವನೇ ಹಂಗಿಸಿದ್ದರು. ಅದನ್ನೆಲ್ಲ ಮೇಡಂಗೆ ಹೇಳಿದೆ.

"ನಿಮ್ಮನ್ನ ಬೈತಿಲ್ಲ," ಎಂದರು ಅವರು. "ಆದ್ರೆ ಇದು ಹೂಳೇ. ಬೇರೆ ಏನಿರುತ್ತೆ? ಮರಳೊಳಗೆ ಕೂತಿದ್ರೆ ಒದ್ದೇಲಿ ತೆಗೆಯೋಕಾಗಲ್ಲ, ಬೇಸಿಗೇಲಿ ಒಣಗಿಸಿ ಕೆರೀಬೇಕು. ಈ ವರ್ಷದ ಕಥೆ ಮುಗೀತು ಅಂತ್ಲೇ." ಹೆಲ್ಮೆಟ್ ತೆಗೆಯುತ್ತಾ, "ಮೇಲಿನವರು ಗೇಟಲ್ಲಿ ಯಾರಿದ್ರು ಅಂತ ಕೇಳ್ತಾರೆ. ಆಗ ನಾನು ಸುಮ್ನಿರೋಕಾಗಲ್ಲ" ಎಂದರು.

ಬಾಟಲಿಯ ನೀರು ನಿಜವಾಗಿ ತಿಳಿಯಾಗಿತ್ತೇ? ಬಿಸಿಲು ಹೆಚ್ಚಿದ್ದರಿಂದ ಹಾಗೆ ಕಂಡಿತ್ತೇ? ಬೆಳಿಗ್ಗೆ ನೂರಕ್ಕೆ ನೂರು ಸರಿ ಅನ್ನಿಸಿದ್ದು ಈಗ ಅರ್ಧಕ್ಕರ್ಧ ಕರಗಿತ್ತು. ಕೈಯಿಂದಲೇ ಮುಟ್ಟಿ ನೋಡೋಣವೆಂದು ಚಪ್ಪಲಿ ಬಿಟ್ಟು ಕೊಳದ ಮೆಟ್ಟಿಲಿಳಿದೆ. ನೀರಿನಂಚಿನಲ್ಲಿ ಕಾಲಿಟ್ಟದ್ದೇ ಜರ್ರೆಂದು ಜಾರಿತು. ಮರಳಿನ ಮೇಲೆ ಕಾಲು ಹಾಗೆ ಜಾರುವುದಿಲ್ಲ. ಬಗ್ಗಿ ಉಗುರಿನಿಂದ ಕೆರೆದೆ. ನದಿಯ ಹೂಳು ಬೂದಿ ಬಣ್ಣ, ಹಿಟ್ಟಿನ ಹಾಗೆ ಕಲಸಿಹೋಗುತ್ತದೆ. ಇದು ಕೆಂಪು. ಅಂಟು. ಗಟ್ಟಿ. ನೀರು ಇನ್ನೂ ಮುಟ್ಟದ ಕಡೆ ಒಂದು ಕಡ್ಡಿ ತೂರಿಸಿ ಮೀಟಿದೆ. ಹಂಚಿನ ಚೂರಿನ ಹಾಗೆ ಒಂದು ಪದರ ಎದ್ದು ಬಂತು. ಅದರ ಕೆಳಗೆ ಮರಳಿತ್ತು. ಒಂದು ಗೇಣು ಆಚೆಗೆ ಇಡೀ ಕೊಳದ ನೀರು ನಿಂತಿದ್ದರೂ ಆ ಮರಳು ಒಣಗಿತ್ತು, ಬೆರಳ ಸಂದಿನಿಂದ ಉದುರಿತು.

ಜೇಡಿಮಣ್ಣು. ಕೆರೆ ಸೋರದಿರಲಿ ಎಂದು ತಳಕ್ಕೆ ಹಾಸಿ ರೋಲರ್ ಓಡಿಸುವ ಮಣ್ಣು. ಅದನ್ನು ಇಲ್ಲಿ ಹಾಸುವವರು ಒಬ್ಬರೇ.

ಮಾವನನ್ನು ಗೇಟುಮನೆಯ ಹಿಂದಕ್ಕೆ ಕರೆದೆ. ಅಂಗೈಯಲ್ಲಿದ್ದ ಮಣ್ಣು ತೋರಿಸಿದೆ. ಅವರ ಮುಖ ಅರಳಿತು.

"ಒಳ್ಳೇ ಜೇಡಿ, ಅಲ್ವಾ? ಹಳೇ ಕೆರೆಯಿಂದ ತರಿಸ್ದೆ. ಮರಳು ಹಂಗೇ ಬಿಟ್ಟು ಹೋಗಿದ್ರು ಕಣಮ್ಮ, ಜರಡಿ ಥರ. ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಅಂದ್ಕೊಂಡೆ. ನಾಳೆ ಸೋರಿದ್ರೆ ಉಗಿಯೋದು ನನ್ನ ಮುಖಕ್ಕೆ ತಾನೇ? ಆ ಇಂಜಿನಿಯರಮ್ಮ ಪಂಪುಮನೆ ಕಡೆ ಓಡಾಡ್ತಿದ್ದಾಗ ಹಾಸಿ, ನೀರು ಚಿಮುಕಿಸಿ, ರೋಲರ್ ಹೊಡೆಸ್ದೆ."

"ನೀರು ಇಂಗ್ಬೇಕು ಅಂತ ಅವರು ಹೇಳಿದ್ರಲ್ಲ ಮಾವ?"

"ಹೇಳಿದ್ರು. ಎಲ್ಲಾ ಕೆರೇನೂ ಒಂದಿಷ್ಟು ಇಂಗುತ್ತೆ. ಅದಕ್ಕೇನೀಗ? ನೀರು ನಿಲ್ಲದ ಕೆರೆ ಯಾರಾದ್ರೂ ಕಟ್ತಾರಾ?"

"ಇದು ಕೆರೆ ಅಲ್ಲ ಮಾವ. ಇಲ್ಲಿ ನೀರು ನಿಲ್ಲಲೇಬಾರ್ದು. ಕೆಳಗೆ ಹೋದ್ರೇನೇ ಬಾವಿಗೆ ಬರೋದು. ನಿಮ್ಮ ಮಗ ಒಂದು ಪಂಪು ನಿಲ್ಲಿಸಿ ಕೂತಿದ್ದಾರೆ. ಮೇಡಂ ಹೂಳು ತುಂಬಿದೆ ಅಂತಿದ್ದಾರೆ."

ಅವರು ಕೊಳದತ್ತ ನೋಡಿದರು. ಏರಿಯ ಮೇಲೆ ಯಾರೋ ಮಗುವನ್ನು ಭುಜದ ಮೇಲೆ ಕೂರಿಸಿಕೊಂಡು ನೀರು ತೋರಿಸುತ್ತಿದ್ದರು. ಮಾವನ ಕೈ ತಾನಾಗಿ ಹೆಗಲ ಟವೆಲಿಗೆ ಹೋಯಿತು. ಬೆವರಿಲ್ಲದ ಕುತ್ತಿಗೆಯನ್ನು ಒರೆಸಿಕೊಂಡರು.

"ಆ ಇಂಜಿನಿಯರ್ ಹುಡುಗಿಗೆ ಹೇಳ್ಬೇಡ."

"ಮಾವ..."

"ಹೂಳು ಅಂತಾಳಲ್ಲ, ಹೂಳೇ ಆಗ್ಲಿ."

"ಹೂಳು ಅಂದ್ರೆ ಗೇಟಿನವಳ ತಪ್ಪು. ನನ್ನದು."

"ನಿನಗೆ ಈ ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ," ಎಂದರು ತಗ್ಗಿದ ದನಿಯಲ್ಲಿ. "ನನಗೆ ಈ ವಯಸ್ಸಲ್ಲಿ ಇನ್ನೊಂದು ಹೆಸರು ಸಿಗಲ್ಲ ತಾಯಿ."

ನನ್ನ ಕೆಲಸದ ಮಾತಷ್ಟೇ ಆಗಿದ್ದರೆ ಬಹುಶಃ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಒಂದೇ ಸೂರಿನ ಕೆಳಗೆ ಬಾಳಬೇಕಾದವರು. ಆದರೆ ಹೂಳಾದರೆ ಬೇಸಿಗೆಯವರೆಗೆ ಕಾಯಬೇಕು, ಜೇಡಿಯಾದರೆ ಕಾಯಬೇಕಿಲ್ಲ. ನೀರು ಹೊರಬಿಟ್ಟು ಪದರ ಕಿತ್ತು ಹಾಕಿ, ನದಿ ಪಟ್ಟಿಯ ಮೇಲಿರುವಾಗಲೇ ಮತ್ತೆ ಗೇಟು ಎತ್ತಬಹುದು. ನಾನು ಸುಮ್ಮನಿದ್ದಷ್ಟು ಹೊತ್ತೂ ನದಿ ಇಳಿಯುತ್ತಿರುತ್ತದೆ.

ಮೇಡಂ ಬಳಿ ಹೋಗಿ ಅಂಗೈ ಚಾಚಿದೆ. "ಹೂಳಲ್ಲ ಮೇಡಂ. ತಳಕ್ಕೆ ಜೇಡಿ ಹಾಸಿದೆ. ಮಾವ ಹಾಸಿಸಿದ್ದು."

ಮಾವ ನನ್ನ ಹಿಂದೆಯೇ ಬಂದಿದ್ದರು. ಮೇಡಂ ಅವರತ್ತ ತಿರುಗಿದರು.

"ಹೌದಾ ಮೇಸ್ತ್ರಿ?"

"ನಾನ್ಯಾಕೆ ಹಾಸ್ಲಿ? ಏರಿ ಮಣ್ಣು ಜಾರಿ ಅಂಚಿಗೆ ಬಿದ್ದಿರುತ್ತೆ." ನನ್ನ ಮುಖ ನೋಡದೆ ಹೇಳಿದರು.

ತುಂಬಿದ ಬಸ್‌ಸ್ಟಾಂಡಿನಲ್ಲಿ ಕಳ್ಳಿ ಎಂದು ಕೂಗಿಸಿಕೊಂಡವಳ ಹಾಗೆ ಕಿವಿ ಬಿಸಿಯಾಯಿತು. ಮೇಡಂ ತಾವೇ ಕೆಳಗಿಳಿದು, ಪ್ಯಾಂಟು ಮಡಚಿ, ಅಂಚಿನಲ್ಲಿ ಕೈ ಹಾಕಿ ನೋಡಿ ಬಂದರು.

"ಅಂಚಲ್ಲೇನೋ ಇದೆ. ನಡುವೆಯೂ ಇದೆಯಾ? ತುಂಬಿದ ಕೊಳ ಖಾಲಿ ಮಾಡಿಸಿ, ಆಮೇಲೆ ಕೆಳಗೆ ಹೂಳು ಸಿಕ್ಕಿದ್ರೆ ಈ ಜನ ನನ್ನನ್ನ ಸುಮ್ನೆ ಬಿಡ್ತಾರಾ? ನಿಮಗೆ ಖಾತ್ರಿನಾ?"

"ಇಲ್ಲ ಮೇಡಂ," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನಗೆ ಯಾವುದೂ ಪೂರ್ತಿ ಖಾತ್ರಿ ಇರಲ್ಲ. ಆದ್ರೆ ಕೆಳಗಿನ ಮರಳು ಒಣಗಿದೆ. ಹೂಳಾಗಿದ್ರೆ ಸ್ವಲ್ಪವಾದ್ರೂ ನೆನೀಬೇಕಿತ್ತು."

ಅವರು ಸೇತುವೆಯತ್ತ ನೋಡಿದರು. ಕೆಂಪು ಪಟ್ಟಿಯ ಮೇಲೆ ನೀರು ಇನ್ನೂ ಮೊಳದಷ್ಟಿತ್ತು.

"ಗೇಟು ಇಳಿಸಿ. ತೂಬು ತೆಗೀರಿ."

ಗೇಟಿನ ಚಕ್ರ ತಿರುಗಿಸಿ ನದಿ ನೀರು ತಡೆದೆ. ಮೇಡಂ ಜೆಸಿಬಿಯವನಿಗೆ ಫೋನು ಮಾಡಿದರು. ನಾನು ಕೊಳದ ತೂಬಿನ ಚಕ್ರಕ್ಕೆ ಕೈ ಹಾಕಿದೆ. ನೀರು ಭೋರೆಂದು ನದಿಯ ಕಡೆಗೆ ವಾಪಸು ಹೊರಟಿತು. ಏರಿಯ ಮೇಲಿದ್ದ ಎಲ್ಲರೂ ಒಟ್ಟಿಗೆ ಕೂಗಿದರು.

"ಏಯ್, ನೀರು ಚೆಲ್ತಿದ್ದಾರೆ ನೋಡ್ರೋ!"

"ತಲೆ ಕೆಟ್ಟಿದ್ಯಾ ನಿನಗೆ? ಮನೇಲಿ ಮುಖ ತೊಳೆಯೋಕೆ ನೀರಿಲ್ಲ ನಮಗೆ!"

"ಗುಡುಗು ಹೆಂಡ್ತಿ ಅಲ್ವಾ, ಅವರ ಮನೆಗೆ ನೇರ ಪೈಪು ಇರ್ಬೇಕು ಬಿಡು!"

ನಾಲ್ಕೈದು ಜನ ತೂಬಿನ ಕಟ್ಟೆಗೆ ಇಳಿದು ಬಂದರು. ಒಬ್ಬ ದಪ್ಪ ಮನುಷ್ಯ ಚಕ್ರವನ್ನು ಹಿಡಿದುಕೊಂಡ. ನಾನೂ ಬಿಡಲಿಲ್ಲ. ಚಕ್ರದ ಕಬ್ಬಿಣ ನಮ್ಮಿಬ್ಬರ ನಡುವೆ ಕಿರುಗುಟ್ಟಿತು. ಮೇಡಂ ಏನೋ ಹೇಳುತ್ತಿದ್ದರು, ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ವೇಳೆ ನನ್ನದೇ ತಪ್ಪಾಗಿದ್ದರೆ? ನಡುವೆ ಜೇಡಿ ಇಲ್ಲದಿದ್ದರೆ?

"ಮೇಸ್ತ್ರಿ, ನೀವಾದ್ರೂ ಹೇಳಿ ನಿಮ್ಮ ಸೊಸೆಗೆ!" ಎಂದ ದಪ್ಪನೆಯವನು. "ನೀವು ಕಟ್ಟಿದ ಕೊಳ ಇದು!"

ಮಾವ ಏರಿಯ ಮೇಲೆ ಒಬ್ಬರೇ ನಿಂತಿದ್ದರು. ಎಲ್ಲರೂ ಅವರತ್ತ ತಿರುಗಿದರು. ಹಾಗೆ ಎಲ್ಲರ ಕಣ್ಣು ತಮ್ಮ ಮೇಲಿರುವುದು ಅವರಿಗೆ ಹೊಸದಲ್ಲ. ಆದರೆ ಈ ಸಲ ಅವರು ನೆಲ ನೋಡಿದರು.

"ಅವಳ ಕೈ ಬಿಡಯ್ಯಾ," ಎಂದರು.

ಅಷ್ಟೇ ಹೇಳಿದ್ದು. ದಪ್ಪನೆಯವನು ಏನೂ ತೋಚದೆ ಕೈ ತೆಗೆದ.

ನೀರು ತಗ್ಗುವ ಹೊತ್ತಿಗೆ ಜೆಸಿಬಿ ಬಂದು ಅಂಚಿನಲ್ಲಿ ನಿಂತಿತು. ಚಾಲಕ ಬಕೆಟ್ಟನ್ನು ತಳಕ್ಕೆ ಊರಲು ಹೋದ. ಮಾವ ಏರಿ ಇಳಿದು ಅವನ ಮುಂದೆ ಕೈ ಅಡ್ಡ ಹಿಡಿದು ನಿಂತರು.

"ಹಂಗೆ ಊರ್ಬೇಡ್ವೋ, ಮರಳೆಲ್ಲ ಕಿತ್ತೋಗುತ್ತೆ. ಹಲ್ಲು ಮೇಲೆ ಹಿಡಿ. ಎರಡು ಬೆರಳಷ್ಟೇ ಇರೋದು. ನಡುವೆ ಇನ್ನೂ ತೆಳು, ಅಲ್ಲಿಗೆ ಮಣ್ಣು ಸಾಲ್ಲಿಲ್ಲ. ಇಳೀಬೇಡ ತಳಕ್ಕೆ, ಗಾಲಿ ಭಾರಕ್ಕೆ ಮತ್ತೆ ಗಟ್ಟಿ ಆಗುತ್ತೆ. ದಂಡೆಯಿಂದ್ಲೇ ಎಳ್ಕೋ."

ಹಾಸಿದವನಿಗಲ್ಲದೆ ಯಾರಿಗೆ ಗೊತ್ತಿರುತ್ತದೆ ಅದು? ಅವರು ಹೇಳಿದಂತೆಯೇ ಮಾಡೆಂದು ಮೇಡಂ ಚಾಲಕನಿಗೆ ಕೈಸನ್ನೆ ಮಾಡಿದರು. ಮಾವ ಮಂಡಿಯುದ್ದ ಕೆಸರಿನಲ್ಲಿ ನಿಂತು ಕೈ ಬೀಸಿ ಕೆಲಸ ಮಾಡಿಸುತ್ತಲೇ ಇದ್ದರು. ದಪ್ಪನೆಯವನೂ ಸನಿಕೆ ಹುಡುಕಿಕೊಂಡು ಇಳಿದ. ಆಮೇಲೆ ಇನ್ನೂ ಕೆಲವರು ಇಳಿದರು, ಬೈದುಕೊಂಡೇ.

ಅರ್ಧ ತಳ ಬರಿದಾಗುವಷ್ಟರಲ್ಲಿ ನದಿ ಪಟ್ಟಿಯಿಂದ ನಾಲ್ಕು ಬೆರಳಷ್ಟೇ ಮೇಲಿತ್ತು. "ಸಾಕು, ಎತ್ತಿ," ಎಂದರು ಮೇಡಂ. ಎಲ್ಲರೂ ದಂಡೆ ಹತ್ತಿದ ಮೇಲೆ ತೂಬು ಮುಚ್ಚಿ ಗೇಟು ಎತ್ತಿದೆ. ನೀರು ಬಂತು. ಜೇಡಿ ಉಳಿದ ಕಡೆ ಮಿರಮಿರನೆ ನಿಂತಿತು, ಮರಳು ಬರಿದಾದ ಕಡೆ ಗುಳುಗುಳು ಎನ್ನುತ್ತಾ ಇಳಿಯಿತು. ಅಳತೆ ಕಂಬದ ಬುಡ ಒದ್ದೆಯಾಯಿತೇ ಹೊರತು ನೀರು ಮೇಲೇರಲಿಲ್ಲ. ನಾನು ಕನ್ನಡಕ ಒರೆಸಿಕೊಂಡೆ. ಆಗಲೂ ಏರಿರಲಿಲ್ಲ.

ಕತ್ತಲಾಗುವ ಮುಂಚೆ ನದಿ ಪಟ್ಟಿಗೆ ಇಳಿಯಿತು. ಗೇಟು ಮುಚ್ಚಿದೆ. ಸಿಕ್ಕಿದ್ದು ಸಿಗಬೇಕಾದ್ದಕ್ಕಿಂತ ತುಂಬಾ ಕಡಿಮೆ.

ಗಂಡ ಫೋನು ಮಾಡಿದರು. "ಬಾವೀಲಿ ಇಳಿಯೋದು ನಿಂತಿದೆ ಕಣೇ. ಏರಿಲ್ಲ, ನಿಂತಿದೆ ಅಷ್ಟೇ. ಎಷ್ಟು ದಿನಕ್ಕೆ ಸಾಕಾಗುತ್ತೋ ಗೊತ್ತಿಲ್ಲ." ಆಮೇಲೆ, ಯಾರಿಂದಲೋ ವಿಷಯ ತಿಳಿದಿರಬೇಕು, ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ಅಪ್ಪ ಎಲ್ಲಿ?" ಎಂದರು.

"ಇಲ್ಲೇ ಇದ್ದಾರೆ. ಕರ್ಕೊಂಡು ಬರ್ತೀನಿ."

ಮೇಡಂ ಹೊರಡುವ ಮುಂಚೆ ಮಾವನನ್ನು ಪಕ್ಕಕ್ಕೆ ಕರೆದು ಮಾತಾಡಿದ್ದರು. ಗಟ್ಟಿಯಾಗಿ ಅಲ್ಲ. ಮಾವ ತಲೆಯಾಡಿಸಿದ್ದು ಕಂಡಿತ್ತು.

ಮನೆಯ ದಾರಿಯಲ್ಲಿ ಅವರು ಮುಂದೆ, ನಾನು ಹಿಂದೆ. ಕೆಸರು ಒಣಗಿ ಅವರ ಕಾಲಿಗೆ ಕೆಂಪು ಪೊರೆ ಕಟ್ಟಿತ್ತು.

"ನಾಳೆಯಿಂದ ಬರೋದು ಬೇಡ ಅಂದ್ಳು."

"ಗೊತ್ತಾಯ್ತು ಮಾವ."

"ಅವಳಿಗೆ ಹೇಳೋಕೆ ಮುಂಚೆ ನನಗೆ ಹೇಳ್ಬೋದಿತ್ತು ನೀನು."

"ಹೇಳಿದೆ ಮಾವ."

ಅವರು ಬಗ್ಗಿ ಕಾಲಿನ ಕೆಸರನ್ನು ಕೆರೆದು ಹಾಕಿದರು. "ಹೂಂ," ಎಂದರು. "ಹೇಳ್ದೆ."

ನಮ್ಮ ಬೀದಿಯ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುತ್ತಿತ್ತು. ಬಿಂದಿಗೆ ಹಿಡಿದು ಕಾಯುತ್ತಿದ್ದ ಹೆಂಗಸರು ಮಾವನನ್ನು ಕಂಡು ಒಟ್ಟಿಗೆ ಕೇಳಿದರು. "ಮೇಸ್ತ್ರೀ, ಕೊಳ ತುಂಬಿತಂತೆ? ನಾಳೆ ನೀರು ಬರುತ್ತೆ ತಾನೇ?"

ಮಾವ ನಿಂತರು. ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

"ನನ್ನ ಕೇಳ್ಬೇಡಿ," ಎಂದರು. "ಗೇಟಿನವಳನ್ನ ಕೇಳಿ."

ಎಲ್ಲರೂ ನನ್ನತ್ತ ನೋಡಿದರು. ಬರುತ್ತೆ ಎಂದುಬಿಡುವುದು ಸುಲಭವಿತ್ತು.

"ಒಂದು ಪಂಪು ಓಡುತ್ತೆ," ಎಂದೆ. "ನಾಳೆಗೆ. ಇವತ್ತೇ ಒಂದೆರಡು ಬಿಂದಿಗೆ ಜಾಸ್ತಿ ತುಂಬಿಟ್ಕೊಳ್ಳಿ."