ಮಣಿಕಟ್ಟಿನ ಪಾಠ

ನಮ್ಮ ಚರ್ಮದ ಡಾಕ್ಟರು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಸೊಕ್ಕಿನಿಂದಲ್ಲ, ಸಂಕೋಚದಿಂದಲೂ ಅಲ್ಲ. ಎದುರಿಗೆ ಬಂದವರ ಕೈ, ಕೊರಳು, ಕಿವಿಯ ಹಿಂಭಾಗ, ಮೊಣಕೈಯ ಮಡಿಕೆ ಇಲ್ಲೆಲ್ಲ ಸುತ್ತಾಡಿ ಅವರ ದೃಷ್ಟಿ ಮುಖದವರೆಗೆ ಬರುವಷ್ಟರಲ್ಲಿ ಮಾತು ಮುಗಿದು, ಬಂದವರು ಹೊರಟುಬಿಟ್ಟಿರುತ್ತಿದ್ದರು. ಇದರಿಂದ ಒಂದು ವಿಚಿತ್ರ ಅನ್ಯಾಯವಾಗುತ್ತಿತ್ತು: ರೋಗವಿರುವಷ್ಟು ಕಾಲ ಆತ್ಮೀಯರಾಗಿದ್ದವರು ವಾಸಿಯಾದ ಕೂಡಲೇ ಅವರಿಗೆ ಅಪರಿಚಿತರಾಗಿಬಿಡುತ್ತಿದ್ದರು. ಒಮ್ಮೆ ಬೀದಿಯಲ್ಲಿ ಒಬ್ಬ ದರ್ಜಿ ಅಡ್ಡಗಟ್ಟಿ, "ನೆನಪಿದೆಯಾ ಸಾರ್, ವರ್ಷಗಟ್ಟಲೆ ನಿಮ್ಮ ಹತ್ರ ಬಂದಿದ್ದೆ" ಎಂದಾಗ ಇವರು ತಬ್ಬಿಬ್ಬಾಗಿ ನಿಂತು, ಆತ ಅಂಗಿಯ ತೋಳು ಮಡಿಸಿ ಹಳೆಯ ಕಲೆಯೊಂದನ್ನು ತೋರಿಸಿದ ಮೇಲೆಯೇ, "ಓಹೋ, ನೀವಾ! ಮನೇಲೆಲ್ಲ ಚೆನ್ನಾಗಿದಾರಾ?" ಎಂದು ಕುಶಲ ವಿಚಾರಿಸಿದ್ದನ್ನು ನಾನೇ ಪಕ್ಕದಲ್ಲಿ ನಿಂತು ಕಂಡಿದ್ದೇನೆ.

ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಮೋಡವಿರಲಿ ಬಿಸಿಲಿರಲಿ ಕಪ್ಪು ಕೊಡೆ ಬಿಚ್ಚಿ, ಬೆರಳ ಗೆಣ್ಣಿನವರೆಗೆ ಇಳಿಬಿದ್ದ ತೋಳಿನ ಬೂದುಬಣ್ಣದ ಕೋಟು ತೊಟ್ಟು, ರಸ್ತೆಯ ಯಾವ ಮಗ್ಗುಲಲ್ಲಿ ನೆರಳಿದೆಯೋ ಆ ಮಗ್ಗುಲಿಗೆ ದಾಟಿ ದಾಟಿ ನಡೆಯುವ ಅವರ ಅಂಕುಡೊಂಕಿನ ಗತಿಯನ್ನು ಕಿಟಕಿಯಿಂದ ನೋಡುವುದು ನನಗೊಂದು ನಿತ್ಯದ ವಿನೋದ. ಮಾತು ಮುಗಿಸುವಾಗ ಎಲ್ಲರೂ "ಬರ್ತೀನಿ" ಎಂದರೆ ಇವರು "ಕೆರೀಬೇಡಿ" ಎನ್ನುತ್ತಿದ್ದರು. ಫೋನಿನಲ್ಲೂ ಹಾಗೆಯೇ. ಒಂದು ಮದುವೆಯಲ್ಲಿ ವಧೂವರರಿಗೆ ಶುಭ ಕೋರಿ ವೇದಿಕೆ ಇಳಿಯುವಾಗಲೂ ಹಾಗೆಯೇ ಹೇಳಿ, ಬೀಗರ ಕಡೆಯವರು ಮುಖ ಮುಖ ನೋಡಿಕೊಳ್ಳುವಂತೆ ಮಾಡಿದ್ದರು.

ಅವರ ಮಡದಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬಾಯಿ ಜೋರು, ಮನಸ್ಸು ಮೆದು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಹಾಗಾಗಿ ಡಾಕ್ಟರು ಭಾವನಾದರು. "ನಿಮ್ಮ ಭಾವನಿಗೆ ಮುಖ ಕಾಣಲ್ಲ ಕಣೋ, ಮೊಡವೆ ಕಾಣುತ್ತೆ. ಮೊದಲ ಸಲ ಭೇಟಿಯಾದಾಗ ನನ್ನ ಹಣೆ ಮೇಲೊಂದು ಇತ್ತು. ಅದನ್ನ ಒಪ್ಪಿ ಮದುವೆಯಾದ್ರು, ನಾನು ಜೊತೇಲಿ ಬಂದೆ ಅಷ್ಟೆ" ಎಂದು ಅಕ್ಕ ಅವರೆದುರಿಗೇ ಹೇಳುತ್ತಿದ್ದರು. ಭಾವ ತಲೆ ತಗ್ಗಿಸಿ ನಗುತ್ತಿದ್ದರು.

ಹೀಗಿರುವಾಗ ತಮ್ಮ ಮದುವೆಯ ಒಂದು ವಾರ್ಷಿಕೋತ್ಸವಕ್ಕೆ ಭಾವ ಅಕ್ಕನಿಗೆ ಲೋಹದ ಪಟ್ಟಿಯ ವಾಚೊಂದನ್ನು ತಂದುಕೊಟ್ಟರು. ತಾವಾಗಿ ಅಂಗಡಿ ಹತ್ತಿ, ಆರಿಸಿ, ಕೊಂಡು ತಂದ ಮೊದಲ ಉಡುಗೊರೆ ಅದು. ಅದರ ಪಟ್ಟಿಯಲ್ಲಿದ್ದ ನಿಕಲ್ ಲೋಹ ಅಕ್ಕನ ಮೈಗೆ ಒಗ್ಗಲಿಲ್ಲ; ಎಡ ಮಣಿಕಟ್ಟು ಕೆಂಪಾಗಿ, ಒರಟಾಗಿ, ಒಸರತೊಡಗಿತು. ಅಕ್ಕ ತುಟಿಪಿಟಕ್ಕೆನ್ನಲಿಲ್ಲ. ಶಾಲೆಯವರಿಗೆ ಗೊತ್ತಿತ್ತು, ಹಾಲಿನವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಊರಿನ ಚರ್ಮವನ್ನೆಲ್ಲ ಓದುವ ಮನುಷ್ಯನಿಗೆ ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಮನೆಯ ಹೊಸ್ತಿಲು ದಾಟಿದೊಡನೆ ಅವರು ಕನ್ನಡಕ ತೆಗೆದಿಟ್ಟುಬಿಡುತ್ತಿದ್ದರು. ಗೊತ್ತಾದ ದಿನ ರೇಗಾಡಿದರು.

"ಬಿಚ್ಚಿಡೋಕೆ ಏನಾಗಿತ್ತು ನಿನಗೆ?"

"ನೀವು ತಂದಿದ್ದಲ್ವಾ, ಬಿಚ್ಚೋಕೆ ಮನಸ್ಸೇ ಬರ್ಲಿಲ್ಲ."

ಭಾವ ಒಳಗೆ ಹೋಗಿ ಕ್ಯಾಮೆರಾ ತಂದು, ಆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಚಿತ್ರ ತೆಗೆದರು. ಏನು ಹೇಳಬೇಕೆಂದು ತೋಚದ ಚರ್ಮದ ಡಾಕ್ಟರು ಮತ್ತೇನು ತಾನೇ ಮಾಡಿಯಾರು!

ಮುಲಾಮಿಗೆ ಕೈ ವಾಸಿಯಾಯಿತು. ಕೆಲವು ವರ್ಷಗಳ ಮೇಲೆ ಅಕ್ಕನ ಹೃದಯ ಸೋತಿತು. ಹೃದಯದ ಡಾಕ್ಟರಾಗಿದ್ದ ಭಾವನ ಹಳೆಯ ಸಹಪಾಠಿ ಆಸ್ಪತ್ರೆಯ ಕೋಣೆಯಿಂದ ಹೊರಬಂದು, ಉಳಿಯಲಿಲ್ಲವೆಂದು ತಲೆಯಾಡಿಸಿದಾಗ, ಭಾವ "ಒಳಗಿನದೆಲ್ಲ ನಿಂದು ಕಣಯ್ಯ, ನಾನು ಹೊರಗಿನವನು" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಸಿದರು.

ವಾರಕ್ಕೊಮ್ಮೆ ಅವರು ವೈದ್ಯಕೀಯ ಕಾಲೇಜಿನಲ್ಲಿ ಒಂದೊಂದು ತಂಡಕ್ಕೆ ಪಾಠ ಮಾಡುತ್ತಿದ್ದರು. ಅಕ್ಕ ಹೋದ ಮೇಲೆ, ಒಬ್ಬರೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ. ಪರದೆಯ ಮೇಲೆ ಚಿತ್ರಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ನಿಯಮದ ಪ್ರಕಾರ ಯಾವುದಕ್ಕೂ ಹೆಸರಿಲ್ಲ, ಮುಖವಿಲ್ಲ. 'ಮಹಿಳೆ, ಎಡ ಮಣಿಕಟ್ಟು' ಎಂಬ ಚಿತ್ರ ಬಂದಾಗ ಮಾತ್ರ ಭಾವ ನಿಲ್ಲುತ್ತಿದ್ದರು. "ಗೀರುಗಳಿಲ್ಲ, ಗಮನಿಸಿ. ಈ ರೋಗಿ ಒಂದು ಸಲವೂ ಕೆರೆದುಕೊಂಡಿಲ್ಲ. ತುಂಬಾ ತಾಳ್ಮೆ" ಎಂದು ಶುರುಮಾಡಿ, ನಾಲ್ಕು ಮಾತಿನಲ್ಲಿ ಮುಗಿಯುವ ಮಾಮೂಲಿ ಅಲರ್ಜಿಯೊಂದನ್ನು ಗಂಟೆ ಬಾರಿಸುವ ತನಕ ವರ್ಣಿಸುತ್ತಿದ್ದರು. ಹುಡುಗರು ಆಕಳಿಸುತ್ತಿದ್ದರು. ನಾನು ಆ ಕಿಟಕಿಯ ಬೆಳಕನ್ನು ಗುರುತಿಸುತ್ತಿದ್ದೆ.

ವಿಭಾಗದ ಮುಖ್ಯಸ್ಥೆ ಭಾವನ ಹಳೆಯ ಶಿಷ್ಯೆಯೇ. ಒಂದು ದಿನ ಪಾಠ ಮುಗಿದ ಮೇಲೆ, "ಸಾರ್, ಹಳೇ ಚಿತ್ರಗಳೆಲ್ಲ ಮಸುಕಾಗಿವೆ. ಮುಂದಿನ ವಾರದಿಂದ ಹೊಸವು ಹಾಕ್ತಿದೀನಿ, ನಿಮಗೂ ಸುಲಭ" ಎಂದು ವಿನಯದಿಂದಲೇ ಹೇಳಿದಳು. "ಒಳ್ಳೇದಾಯ್ತಮ್ಮ" ಎಂದರು ಭಾವ. ದಾರಿಯಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ನಡೆಯುತ್ತಿದ್ದವರನ್ನು ನಾನು ತಡೆದೆ.

"ಅದು ಯಾರ ಕೈ ಅಂತ ಒಂದು ಮಾತು ಹೇಳಬಹುದಿತ್ತಲ್ಲ ಭಾವ? ಹೋಗಲಿ, ಮನೇಲೊಂದು ಪ್ರತಿ ಇದೆಯಲ್ಲ."

"ಮನೇಲಿ ನೋಡಿದ್ರೆ ಅದು ಬರೀ ಫೋಟೋ ಕಣಯ್ಯ. ಇಲ್ಲಾದ್ರೆ ನಾಲ್ಕು ಜನಕ್ಕೆ ತೋರಿಸಿ ಅವಳ ಬಗ್ಗೆ ಮಾತಾಡ್ತೀನಿ. ಇನ್ನೆಲ್ಲಿ ಮಾತಾಡ್ಲಿ? ಯಾರು ಕೂತು ಕೇಳ್ತಾರೆ?"

ತೀರಿಕೊಂಡವರ ವಿಷಯವನ್ನು ಜನ ಸ್ವಲ್ಪ ದಿನ ಕೇಳುತ್ತಾರೆ, ಆಮೇಲೆ ಊಟ ಆಯ್ತಾ ಎಂದು ಮಾತು ತಿರುಗಿಸುತ್ತಾರೆ, ನಾನೂ ತಿರುಗಿಸಿದವನೇ.

ಮುಂದಿನ ವಾರ ಪರದೆಯ ಮೇಲೆ ವಾಚಿನ ಪಟ್ಟಿಯ ಅಗಲಕ್ಕೆ ಕೆಂಪಾಗಿದ್ದ ಹೊಸ ಮಣಿಕಟ್ಟು ಬಂತು. ಒಂದೊಂದು ರೋಮವನ್ನೂ ಎಣಿಸುವಷ್ಟು ಸ್ಫುಟ. ಭಾವ ತೋರಿಸುವ ಕೋಲು ಎತ್ತಿ, "ಈ ರೋಗಿ..." ಎಂದು, ಕೋಲನ್ನು ಕೆಳಗಿಳಿಸಿಬಿಟ್ಟರು. ಅದಕ್ಕೆ ಗಲಿಬಿಲಿಗೊಂಡ ಮುಂದಿನ ಸಾಲಿನ ಹುಡುಗಿಯೊಬ್ಬಳು, ಏನಾದರೂ ಕೇಳಬೇಕೆಂದು, "ಸಾರ್, ಅಷ್ಟು ತುರಿಕೆ ಇದ್ರೂ ಪೇಷೆಂಟು ವಾಚ್ ಯಾಕೆ ಬಿಚ್ಚಲಿಲ್ಲ?" ಎಂದು ಕೇಳಿದಳು.

ಭಾವ ದೀಪ ಹಾಕಿಸಿದರು. ಪರದೆಯ ಚಿತ್ರ ಬೆಳಕಿನಲ್ಲಿ ಕರಗಿತು. ಕೋಟಿನ ತೋಳನ್ನು ಮೇಲಕ್ಕೆ ಸರಿಸಿ, ತಮ್ಮದೇ ಎಡ ಮಣಿಕಟ್ಟನ್ನು ಮುಂದಕ್ಕೆ ಚಾಚಿ, ಬಲಗೈ ಬೆರಳಿನಿಂದ ಅದರ ಮೇಲೆ ಮೆಲ್ಲಗೆ ಒಂದು ಚೌಕ ಎಳೆದರು. "ನಾನು ನೋಡಿದ ಪೇಷೆಂಟಿಗೆ ಇಲ್ಲಿಂದ ಇಲ್ಲಿವರೆಗೆ ಇತ್ತು. ಈ ಎಲುಬಿನ ಪಕ್ಕ ಒಂದು ಸಣ್ಣ ಮಚ್ಚೆ. ನನ್ನ ಹೆಂಡತಿ ಕೈ. ವಾಚು ನಾನು ತಂದಿದ್ದು" ಎಂದು, ತೋಳನ್ನು ಮತ್ತೆ ಇಳಿಸಿಕೊಂಡು, "ಏನು ಕಟ್ಟಿಕೊಂಡಿದ್ರಿ ಅಂತ ಎಲ್ಲ ಡಾಕ್ಟರೂ ಕೇಳ್ತಾರೆ. ಯಾರು ಕೊಟ್ಟಿದ್ದು ಅಂತಾನೂ ಕೇಳಿ. ನಾನು ಕೇಳಲಿಲ್ಲ" ಎಂದರು. ಯಾರೂ ಆಕಳಿಸಲಿಲ್ಲ. ಆ ಹುಡುಗಿ ಅದನ್ನು ಬರೆದುಕೊಂಡಳು.

ತಜ್ಞರೆಂಬವರನ್ನು ಕಂಡು ನಾವು ನಗುತ್ತೇವೆ: ಕಣ್ಣಿನವರಿಗೆ ಕಿವಿ ತಿಳಿಯದು, ಮೂಳೆಯವರಿಗೆ ಚರ್ಮ ತಿಳಿಯದು, ಇಡೀ ಮನುಷ್ಯ ಯಾರ ಪಾಲಿಗೂ ಬರುವುದಿಲ್ಲ ಎಂದು. ನಗುವುದು ಸುಲಭ. ಅಂಗೈಯಗಲದ ಜಾಗವನ್ನು ಜೀವಮಾನವಿಡೀ ದಿಟ್ಟಿಸಿದವರಿಗೆ ಪ್ರೀತಿ ನೆಲೆಸುವುದೂ ಆ ಜಾಗದಲ್ಲೇ, ಅಗಲಿಕೆ ನೋಯುವುದೂ ಅಲ್ಲೇ. ಅವರು ಬಲ್ಲದ್ದು ತುಂಡುತುಂಡಾಗಿ. ಕಳೆದುಕೊಳ್ಳುವುದು ಮಾತ್ರ, ನಮ್ಮೆಲ್ಲರ ಹಾಗೆ, ಇಡಿಯಾಗಿ.