ಹನ್ನೊಂದು ದಿನ ಒತ್ತಿದ ‘ಆಮೇಲೆ’

ಗಂಡನ ಹೊಡೆತ ತಪ್ಪಿಸಿಕೊಂಡು ಬಂದ ಹೆಂಗಸರನ್ನು ಗುಟ್ಟಾಗಿ ಇರಿಸಿಕೊಳ್ಳುವ ಆ ಮನೆಗೆ ಬೋರ್ಡಿಲ್ಲ. ಅಂಚೆಯವನಿಗೂ ಅದು ಬರೀ ಹಳದಿ ಗೇಟಿನ ಮನೆ. ಯಾರು ಎಲ್ಲಿಂದ ಬಂದರು, ಯಾರ ಮಗು ಯಾವ ಶಾಲೆಗೆ ಹೋಗುತ್ತದೆ ಎಂಬುದೆಲ್ಲ ಗೊತ್ತಿದ್ದದ್ದು ಆಫೀಸು ನೋಡಿಕೊಳ್ಳುವ ದೊಡ್ಡಕ್ಕನಿಗೆ, ಅವಳ ಕಂಪ್ಯೂಟರಿಗೆ.

ದೊಡ್ಡಕ್ಕನ ಬ್ರೌಸರಿನಲ್ಲಿ ಯಾವಾಗಲೂ ಮೂವತ್ತು ನಲವತ್ತು ಪುಟ ತೆರೆದೇ ಇರುತ್ತಿದ್ದವು. ಒಬ್ಬಳ ಕೋರ್ಟಿನ ತಾರೀಖು, ಇನ್ನೊಬ್ಬಳ ಆಸ್ಪತ್ರೆ ಚೀಟಿ. ಮುಚ್ಚಿದರೆ ಯಾರನ್ನಾದರೂ ಮರೆತುಬಿಟ್ಟೇನು ಎಂಬ ಭಯ ಅವಳಿಗೆ. ಹಾಗಾಗಿ ಅಪ್‌ಡೇಟ್ ಮಾಡಿ, ಮತ್ತೆ ಶುರು ಮಾಡಿ ಎಂದು ಮೂಲೆಯಲ್ಲಿ ಬಂದಾಗಲೆಲ್ಲ ‘ಆಮೇಲೆ’ ಒತ್ತಿದಳು. ಹನ್ನೊಂದು ದಿನ ಒತ್ತಿದಳು. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇಲ್ಲಿ ಹಾಳಾಗುವುದು ಬೇರೆಯವರ ಮನೆ ಎಂದು ಆ ಮಹಾತಾಯಿಗೆ ಹೊಳೆಯಲೇ ಇಲ್ಲ.

ಕಂಪ್ಯೂಟರ್ ತೆವಳತೊಡಗಿದ ಮೇಲೆ ರಿಪೇರಿಯವನನ್ನು ಕರೆಸಿದಳು. ಅವನು ಅರ್ಧ ಗಂಟೆ ಜಾಲಾಡಿ, ಹಿಂದೆ ತೆರೆದ ಪುಟಗಳ ಪಟ್ಟಿಯಲ್ಲಿ ಒಂದರ ಮೇಲೆ ಬೆರಳಿಟ್ಟ.

“ಅಕ್ಕಾ, ಸೋಮವಾರ ಈ ಪುಟ ತೆಗೆದಿದ್ರಾ?”

“ಹೆಂಗಸರಿಗೆ ಕೆಲಸ ಕೊಡ್ತೀವಿ ಅಂತ ಯಾರೋ ಮೇಲ್ ಕಳಿಸಿದ್ರು. ತೆಗೆದೆ, ಖಾಲಿ ಇತ್ತು, ಮುಚ್ಚಿದೆ. ಡೌನ್‌ಲೋಡ್ ಮಾಡ್ಲಿಲ್ಲ, ಪಾಸ್‌ವರ್ಡೂ ಕೊಡ್ಲಿಲ್ಲಪ್ಪಾ!”

“ತೆಗೆದದ್ದೇ ಸಾಕು. ಹಳೇ ಬ್ರೌಸರ್‌ನಲ್ಲಿ ತೂತಿತ್ತು. ಅಪ್‌ಡೇಟ್ ಬಂದಿದ್ದೇ ಅದನ್ನ ಮುಚ್ಚೋಕೆ. ಒಂದು ಫೈಲು ಹೊರಗೆ ಹೋಗಿದೆ. ಮೇಲಿನ ರೂಮಿನವರದ್ದು.”

ಅದೊಂದೇ ಫೈಲನ್ನು ಹುಡುಕುವವನು ಯಾರೆಂದು ದೊಡ್ಡಕ್ಕನಿಗೆ ಯಾರೂ ಹೇಳಬೇಕಿರಲಿಲ್ಲ. ಆ ಗಂಡ ಬೆನ್ನು ಹತ್ತಿ ಬಂದದ್ದಕ್ಕೇ ಮೇಲಿನ ರೂಮಿನ ತಾಯಿ ಮಗಳು ಎರಡು ಊರು ಬಿಟ್ಟು ಇಲ್ಲಿಗೆ ಬಂದಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ರಿಪೇರಿಯವನು ಈಗ ಅಪ್‌ಡೇಟ್ ಮಾಡುತ್ತಿದ್ದ. ಅವಳು ಅವರಿಬ್ಬರನ್ನು ಬೇರೆ ಕಡೆ ಸಾಗಿಸಲು ವ್ಯಾನಿಗೆ ಫೋನ್ ಮಾಡಿ ಮೆಟ್ಟಿಲು ಹತ್ತಿದಳು.

ಬಂದ ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿ ಇಟ್ಟಿರಲಿಲ್ಲ. ತಾಯಿ ಮಗಳಿಗೆ ಜಡೆ ಹಾಕುತ್ತ ನಗುತ್ತಿದ್ದಳು. ಕಂಪ್ಯೂಟರ್ ಕೆಟ್ಟಿತ್ತು ಅಂದುಬಿಡೋಣ ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು.

“ತಪ್ಪು ನಂದು ಕಣಮ್ಮಾ. ಅಪ್‌ಡೇಟ್ ಮಾಡು ಅಂತ ದಿನಾ ಹೇಳ್ತಿತ್ತು, ನಾನು ಮಾಡ್ಲಿಲ್ಲ. ನೀವಿರೋ ಜಾಗ ಅವನಿಗೆ ಗೊತ್ತಾಗಿದೆ. ಈಗ್ಲೇ ಹೊರಡ್ಬೇಕು.”

ತಾಯಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅರ್ಧ ಹೆಣೆದ ಜಡೆಗೆ ರಬ್ಬರ್ ಬ್ಯಾಂಡ್ ಸುತ್ತಿ, “ವ್ಯಾನ್ ಎಷ್ಟೊತ್ತಿಗೆ?” ಅಂದಳು.

ಆರು ವರ್ಷದ ಮಗಳು ಯಾರೂ ಹೇಳದೆಯೇ ಮಂಚದ ಕೆಳಗಿನಿಂದ ಬ್ಯಾಗು ಎಳೆದಳು. ಚಪ್ಪಲಿ ಹಾಕಿಕೊಂಡು, ಅಮ್ಮನ ಮುಖ ನೋಡಿ ಕೇಳಿದಳು:

“ಅಮ್ಮಾ, ಈ ಸಲ ನನ್ನ ಹೆಸರೇನು?”