ಬಾಗಿಲ ಕಡೆಯ ಮೂಲೆ

“ಒಂದಕ್ಷರ ಸುಳ್ಳಾದ್ರೂ ನನ್ನ ನಾಲಿಗೆ ಬಿದ್ದುಹೋಗ್ಲಿ,” ಎನ್ನುತ್ತ ಸತ್ತವರ ಹೆಂಡತಿಯ ತಮ್ಮ, ವೃತ್ತಿಯಲ್ಲಿ ಎಲೆಕ್ಟ್ರಿಷಿಯನ್, ಗಾಜು ಕಾಸುವ ಕುಲುಮೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. “ಭಾವ ಮಾಡಿದ ತಟ್ಟೆ ಒಂದು ಕಡೆ ಕರಗಿ ಕನ್ನಡಿ, ಇನ್ನೊಂದು ಕಡೆ ಗರಗಸ. ಕೊಂಡವರು ಅದರಲ್ಲೇ ಹಣ್ಣು ಕುಯ್ದು, ಅದರಲ್ಲೇ ಇಟ್ಕೊಂಡು ತಿಂದ್ರು.”

ಪಕ್ಕದ ಮನೆಯ ದರ್ಜಿ ನಕ್ಕ. ಒಳಕೋಣೆಯಲ್ಲಿ ಮಲಗಿಸಿದ್ದ ಹೆಣದ ನೆನಪಾಗಿ ಬಾಯಿ ಮುಚ್ಚಿಕೊಂಡ.

ಅಕ್ಕ ಮೂರನೇ ಸಲ ಬಂದಳು. “ಎಷ್ಟಾಯ್ತೋ?”

“ನೂರ ಹತ್ತು ಡಿಗ್ರಿ. ಈಗ ತೆಗೆದ್ರೆ ತಣ್ಣನೆ ಗಾಳಿಗೆ ಗಾಜು ಚೂರಾಗುತ್ತೆ. ಬಿಡಕ್ಕ, ನಾಳೆ ನೋಡೋಣ.”

“ನಾಳೆ ಯಾರಿಗೆ ಹೇಳ್ಲಿ? ನಿನ್ನೆ ಸ್ವಿಚ್ ಹಾಕಿ ಊಟಕ್ಕೆ ಕೂತವರು ಏಳ್ಲಿಲ್ಲ. ಬಾಗಿಲ ಕಡೆ ಮೂಲೇಲಿಟ್ಟ ಗಾಜು ಬಗ್ಗಿತೋ ಇಲ್ವೋ ಅಂತ ಹೇಳೇ ಕಳಿಸ್ತೀನಿ.”

ಅವನು ಕುಲುಮೆಯಿಂದ ಕಿಟಕಿಗೆ, ಕಿಟಕಿಯಿಂದ ಕುಲುಮೆಗೆ ಅಲೆದ.

*

ಹನ್ನೊಂದು ವರ್ಷದ ಕೆಳಗೆ ಕುಲುಮೆಗೆ ಕಾಯಿಲ್, ಅಂದರೆ ಬಿಸಿಯೇರುವ ತಂತಿಯ ಸುರುಳಿ, ಕೂರಿಸಿದವನು ಅವನೇ. ತಂತಿ ಒಂದು ಗೇಣು ಸಾಲಲಿಲ್ಲ. ಮತ್ತೆ ಅಂಗಡಿಗೆ ಯಾರು ಅಲೆಯುತ್ತಾರೆಂದು ಬಾಗಿಲ ಕಡೆ ಸುರುಳಿಯನ್ನೇ ಹಿಗ್ಗಿಸಿ ಮುಟ್ಟಿಸಿದ್ದ. ಆ ಮೂಲೆ ಸರಿಯಾಗಿ ಕಾಯಲೇ ಇಲ್ಲ.

ಬಿಸಿ ಎಲ್ಲ ಕಡೆ ಸಮವಾಗಿದೆಯೇ ಎಂದು ನೋಡಲು ಭಾವ ನಾಲ್ಕು ಮೂಲೆಯಲ್ಲೂ ಎರಡೆರಡು ಇಟ್ಟಿಗೆ ಚೂರಿಟ್ಟು, ಮೇಲೆ ಸೇತುವೆಯಂತೆ ಗಾಜಿನ ಪಟ್ಟಿ ಮಲಗಿಸಿ ಕಾಸುತ್ತಿದ್ದರು. ಮೂರು ತೊಟ್ಟಿಲಿನಂತೆ ಜೋತುಬೀಳುತ್ತಿದ್ದವು. ಬಾಗಿಲ ಕಡೆಯದು ಸೆಟೆದೇ ಇರುತ್ತಿತ್ತು.

“ನಿನ್ನ ಥರಾನೇ ಕಣಯ್ಯ. ಎಷ್ಟು ಬಿಸಿ ಮುಟ್ಟಿಸಿದ್ರೂ ಬಗ್ಗಲ್ಲ.”

“ಬಾಗಿಲ ಸಂದೀಲಿ ಗಾಳಿ ನುಗ್ತಿದೆ, ಭಾವ.”

ಭಾವ ಏಳು ಬಾಗಿಲು ಬದಲಾಯಿಸಿದರು.

*

ಎಪ್ಪತ್ತಕ್ಕೆ ಇಳಿಯಿತು. ಹೊರಗೆ ಹೆಣದ ಗಾಡಿಯವನು ಹಾರ್ನ್ ಒತ್ತಿದ. ಅಕ್ಕ ತಮ್ಮನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದಳು.

ನಾಲ್ಕೂ ಪಟ್ಟಿ ಒಂದೇ ಸಮ ಜೋತಿದ್ದವು.

ಅವನ ಕಣ್ಣು ಮಾತ್ರ ಬಾಗಿಲ ಪಕ್ಕದ ಗೋಡೆಗೆ ಅಂಟಿಕೊಂಡಿತು. ಅಲ್ಲಿ ಹೊಸ ಕಾಯಿಲ್. ಅಕ್ಷರ ಕಲಿಯುವವರ ಬರಹದಂತೆ ಸುತ್ತೆಲ್ಲ ಸೊಟ್ಟ. ಹಳೆಯದನ್ನು ಬಿಚ್ಚಿದವರಿಗೆ ಹಿಗ್ಗಿಸಿದ ಜಾಗ ಕಾಣದೆ ಇರುವುದಿಲ್ಲ.

“ಇದು ಯಾವಾಗ ಹಾಕಿದ್ದು?”

“ಭಾನುವಾರ. ಅವರೇ ಕೂತು ಸುತ್ತಿದ್ರು. ನಿನಗೆ ಹೇಳ್ಬೇಡ ಅಂದಿದ್ರು.”

ಮರುದಿನ ಸೋಮವಾರ, ಸಾಯುವ ಎರಡು ದಿನ ಮೊದಲು, ಭಾವ ಇವನನ್ನು ಊಟಕ್ಕೆ ಕರೆದಿದ್ದರು. ಎಂದಿನಂತೆ ಕಾಲೆಳೆದು, ಇನ್ನೊಂದು ತುತ್ತು ಹೆಚ್ಚೇ ಬಡಿಸಿದ್ದರು.

“ಅಕ್ಕ, ಆ ಹಳೇ ತಂತಿ ಅವತ್ತು ನಾನು—”

ಅವಳು ಬೆಚ್ಚಗಿನ ಪಟ್ಟಿಯನ್ನು ಬಟ್ಟೆಯಲ್ಲಿ ಹಿಡಿದು ಆಗಲೇ ಒಳಗೆ ನಡೆದಿದ್ದಳು, ಗಂಡನ ಕಿವಿಯ ಹತ್ತಿರಕ್ಕೆ.